ಕೇಸ್ ಶೀಟಿನ ಮೂಲೆಯ ಹಸಿರು ಚುಕ್ಕೆ

ಉತ್ತರ ಪತ್ರಿಕೆಗಳನ್ನು ತಿದ್ದಿ ಮುಗಿಸಿದ ಆ ಗುರುವಾರ ಬೆಳಗ್ಗೆ ನಾನು ಬಹಳ ಹಿಗ್ಗಿನಲ್ಲಿದ್ದೆ. ಡಿಸೆಂಬರಿನ ಮೊದಲ ವಾರ. ಏಡ್ಸ್ ದಿನದ ನೆಪದಲ್ಲಿ ನಮ್ಮ ದಂತ ವೈದ್ಯಕೀಯ ಕಾಲೇಜಿನ ಕೊನೆಯ ವರ್ಷದ ಮಕ್ಕಳಿಗೆ ಎಚ್‌ಐವಿ ಕುರಿತು ಇಪ್ಪತ್ತು ಪ್ರಶ್ನೆ ಕೊಟ್ಟಿದ್ದೆ. ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ, ಬಾಯಿಯಲ್ಲಿ ಯಾವ ಲಕ್ಷಣ ಕಾಣಬಹುದು, ರೋಗಿಗೆ ಚುಚ್ಚಿದ ಸೂಜಿ ನಮಗೆ ಚುಚ್ಚಿದರೆ ಮೊದಲು ಏನು ಮಾಡಬೇಕು, ಎಷ್ಟು ಗಂಟೆಯೊಳಗೆ ಔಷಧಿ ಶುರುವಾಗಬೇಕು. ಹೆಚ್ಚಿನವರಿಗೆ ಹದಿನೆಂಟು, ಹತ್ತೊಂಬತ್ತು ಬಂದಿತ್ತು. ಒಬ್ಬಳಿಗಂತೂ ಇಪ್ಪತ್ತಕ್ಕೆ ಇಪ್ಪತ್ತು. ಅಬ್ಬಾ, ಈ ಬ್ಯಾಚಿಗೆ ಒಂದಿಷ್ಟು ತಲೆಗೆ ಹೋಗಿದೆ ಎಂದುಕೊಂಡು ಬೆನ್ನು ತಟ್ಟುವುದಕ್ಕೆಂದೇ ತರಗತಿಗೆ ಹೊರಟೆ. ಸಾಮಾನ್ಯವಾಗಿ ನಾನು ತರಗತಿಗೆ ಹೋಗುವುದು ಬೈಯುವುದಕ್ಕೆ. ಹೊಗಳುವ ದಿನ ವರ್ಷಕ್ಕೆ ಒಂದೋ ಎರಡೋ.

ನಾನು ಕಲಿಸುವುದು ಸಾಮುದಾಯಿಕ ದಂತ ಆರೋಗ್ಯ. ಜೊತೆಗೆ ಕಾಲೇಜಿನ ಸೋಂಕು ನಿಯಂತ್ರಣದ ಹೊಣೆಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಯಾರಿಗಾದರೂ ಸೂಜಿ ಚುಚ್ಚಿದರೆ ಬರೆಯಬೇಕಾದ ಒಂದು ದಪ್ಪ ರಿಜಿಸ್ಟರ್ ನನ್ನ ಮೇಜಿನ ಖಾನೆಯಲ್ಲಿರುತ್ತದೆ. ವರ್ಷಗಟ್ಟಲೆ ಅದರಲ್ಲಿ ಒಂದೇ ಒಂದು ಹೆಸರೂ ಬಿದ್ದಿರಲಿಲ್ಲ. ತಪಾಸಣೆಗೆ ಬಂದವರಿಗೆ ನಾನೇ ಅದರ ಖಾಲಿ ಹಾಳೆಗಳನ್ನು ಬಿಡಿಸಿ ತೋರಿಸಿ ಜಂಬ ಕೊಚ್ಚಿಕೊಂಡದ್ದೂ ಉಂಟು.

ತರಗತಿಯಲ್ಲಿ ಹೊಗಳಿದ್ದಾಯಿತು. ಏನಾದರೂ ಸಂದೇಹ ಇದೆಯೇ ಎಂದು ಶಾಸ್ತ್ರಕ್ಕೆ ಕೇಳಿದೆ. ಹನ್ನೆರಡು ಗಂಟೆಯ ಹೊತ್ತಿನಲ್ಲಿ ಯಾರಿಗೂ ಸಂದೇಹ ಇರುವುದಿಲ್ಲ, ಹಸಿವು ಇರುತ್ತದೆ. ಆದರೆ ಇಪ್ಪತ್ತಕ್ಕೆ ಇಪ್ಪತ್ತು ತೆಗೆದಿದ್ದ ಹುಡುಗಿಯೇ ಎದ್ದು ನಿಂತಳು. ಹೊಂಗನೂರಿನ ರೇಷ್ಮೆ ಸಾಕುವ ಮನೆಯ ಹುಡುಗಿ. ಮಾತು ಕಡಿಮೆ, ಕೈ ಚುರುಕು.

"ಮೇಡಂ, ಎಪ್ಪತ್ತೆರಡು ಗಂಟೆ ಅಂತೀವಲ್ಲ, ಅದನ್ನ ಚುಚ್ಚಿದ ಹೊತ್ತಿಂದ ಎಣಿಸೋದಾ, ಇಲ್ಲ ಮಾರನೇ ದಿನದಿಂದಾನಾ?"

ಹಿಂದಿನ ಬೆಂಚಿನವರು ಕಿಸಕ್ಕೆಂದರು. "ಚುಚ್ಚಿದ ನಿಮಿಷದಿಂದ," ಎಂದೆ. "ಎರಡು ಗಂಟೆಯೊಳಗೆ ಮೊದಲ ಮಾತ್ರೆ ನುಂಗಿದರೆ ಎಲ್ಲಕ್ಕಿಂತ ಒಳ್ಳೆಯದು. ಎಪ್ಪತ್ತೆರಡು ಕೊನೆಯ ಗಡಿ. ಅದು ದಾಟಿದರೆ ಮಾತ್ರೆ ಕೊಟ್ಟು ಉಪಯೋಗವಿಲ್ಲ. ಯಾಕಮ್ಮ?"

"ಸುಮ್ನೆ ಮೇಡಂ," ಎಂದು ಕುಳಿತಳು. ಕುಳಿತವಳು ಎಡಗೈಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತರಗತಿ ಅಲ್ಲಿಗೇ ಮುಗಿಸಿದೆ.

ನನ್ನ ಕೋಣೆಗೆ ಕರೆದು ಬಾಗಿಲು ಹಾಕಿ ಕೈ ತೋರಿಸು ಎಂದೆ. ತೋರುಬೆರಳಿಗೆ ಸುತ್ತಿದ ಪಟ್ಟಿ ಬಿಚ್ಚಿದಳು. ಸಾಸಿವೆಯಷ್ಟೂ ಇಲ್ಲದ ಕೆಂಪು ತೂತು. ಮಂಗಳವಾರ ಬೆಳಗ್ಗೆ ಹನ್ನೊಂದೂವರೆಗೆ, ಮಾಗಡಿ ತಾಲ್ಲೂಕಿನ ಕಲ್ಯದಿಂದ ಬಂದಿದ್ದ ಒಬ್ಬ ರೈತರ ಬಾಯಲ್ಲಿ ಉಳಿದಿದ್ದ ಕೆಳಗಿನ ನಾಲ್ಕು ಅಲ್ಲಾಡುವ ಹಲ್ಲುಗಳನ್ನು ಇವಳು ಕಿತ್ತಿದ್ದಳು. ಮರವಟ್ಟಿಸುವ ಚುಚ್ಚುಮದ್ದು ಕೊಟ್ಟಾದ ಮೇಲೆ ಸೂಜಿಗೆ ಮುಚ್ಚಳ ಹಾಕುವಾಗ, ಟ್ರೇ ಮೇಲೆ ಮುಚ್ಚಳ ಇಟ್ಟು ಒಂದೇ ಕೈಯಲ್ಲಿ ಬಾಚಿಕೊಳ್ಳಬೇಕು ಎಂದು ನಾನು ಬಾಯಿ ನೋಯುವಷ್ಟು ಸಲ ಹೇಳಿದ್ದರೂ, ಎರಡು ಕೈಯಲ್ಲಿ ಹಿಡಿದಿದ್ದಾಳೆ. ಸೂಜಿ ಮುಚ್ಚಳದ ಪಕ್ಕದಿಂದ ಜಾರಿ ಗ್ಲೌಸ್ ದಾಟಿ ಬೆರಳಿಗಿಳಿದಿದೆ.

"ಆಮೇಲೆ ಏನು ಮಾಡಿದೆ?"

"ಹಿಂಡಿದೆ ಮೇಡಂ. ರಕ್ತ ಬರೋವರ್ಗೂ ಹಿಂಡಿದೆ. ಸ್ಪಿರಿಟ್ ಸುರ್ಕೊಂಡೆ. ಇನ್ನೊಂದು ಗ್ಲೌಸ್ ಹಾಕ್ಕೊಂಡು ಹಲ್ಲು ಕಿತ್ತೆ."

ಹಿಂಡಬಾರದು, ಸ್ಪಿರಿಟ್ ಹಾಕಬಾರದು, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು, ಕೂಡಲೇ ಹೇಳಬೇಕು. ಎರಡು ದಿನದ ಹಿಂದೆಯಷ್ಟೇ ಇವಳು ತನ್ನ ಕೈಯಾರೆ ಬರೆದ ಉತ್ತರ ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. ನಾನು ಕಲಿಸಿದ್ದೆಲ್ಲ ಪುಸ್ತಕದ ಬದನೆಕಾಯಿ ಆಗಿತ್ತು.

"ಯಾಕೆ ಹೇಳಲಿಲ್ಲ?" ನನ್ನ ಗಂಟಲು ಹೊರಗಿನ ಕಾರಿಡಾರಿಗೂ ಕೇಳಿಸಿರಬೇಕು.

"ಅವರ ಕೇಸ್ ಶೀಟಲ್ಲಿ ಚುಕ್ಕೆ ಇರ್ಲಿಲ್ಲ ಮೇಡಂ. ಅದ್ಕೇ ಏನೂ ಆಗಲ್ಲ ಅನ್ಕೊಂಡೆ. ನೆನ್ನೆಯಿಂದ ಯಾಕೋ ಭಯ ಹತ್ಕೊಂಡ್ಬುಟ್ಟೈತೆ. ಹೇಳ್ಬುಟ್ರೆ ನನ್ ಹೆಸರಿಗೂ ಒಂದ್ ಚುಕ್ಕೆ ಬೀಳ್ತದೆ ಅಂತ..." ಎಂದವಳೇ ಅತ್ತಳು.

ಯಾವ ಚುಕ್ಕೆ ಎಂದು ನಾನು ಕೇಳಲಿಲ್ಲ. ಆ ಚುಕ್ಕೆಯನ್ನು ಹೆತ್ತವಳು ನಾನೇ.

ನಮ್ಮಲ್ಲಿ ರೋಗಿಗಳು ತಮ್ಮ ಕೇಸ್ ಶೀಟನ್ನು ತಾವೇ ಹಿಡಿದುಕೊಂಡು ವಿಭಾಗದಿಂದ ವಿಭಾಗಕ್ಕೆ ಅಲೆಯುತ್ತಾರೆ. ನಾನು ಹೊಸದಾಗಿ ಸೇರಿದ್ದಾಗ ಪ್ರತಿ ಮೇಜಿನಲ್ಲೂ ಅದೇ ಪ್ರಶ್ನೆಗಳು, ಅದೂ ನಲವತ್ತು ಜನರ ಎದುರು: ಬಿಪಿ ಇದೆಯಾ, ಶುಗರ್ ಇದೆಯಾ, ಎಚ್‌ಐವಿ ಇದೆಯಾ? ಕನಕಪುರದ ಕಡೆಯ ಒಬ್ಬ ಹೆಂಗಸು ಮೊದಲ ಮೇಜಿನಲ್ಲಿ ಮೆಲ್ಲಗೆ ನಿಜ ಹೇಳಿದ್ದರು. ಮೂರನೆಯ ಮೇಜಿನಲ್ಲಿ ಮತ್ತೆ ಗಟ್ಟಿಯಾಗಿ ಕೇಳಿದಾಗ ಊದಿದ ಕೆನ್ನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಹೋದರು. ಮತ್ತೆ ಬರಲಿಲ್ಲ. ಒಮ್ಮೆ ಹೇಳಿದವರನ್ನು ಮತ್ತೆ ಕೇಳಬೇಡಿ, ಶೀಟಿನ ಮೂಲೆಯಲ್ಲಿ ಒಂದು ಸಣ್ಣ ಹಸಿರು ಚುಕ್ಕೆ ಇಡಿ, ಕೆಂಪಾದರೆ ಎದ್ದು ಕಾಣುತ್ತದೆ ಎಂದು ಆಗಿನ ಮಕ್ಕಳಿಗೆ ಹೇಳಿದೆ. ಒಳ್ಳೆಯದಕ್ಕೇ ಹೇಳಿದ್ದು. ಒಂದು ಬ್ಯಾಚು ಇನ್ನೊಂದು ಬ್ಯಾಚಿಗೆ ಹೇಳಿಕೊಡುತ್ತಾ ಹೋಯಿತು. ಈಗ ಚುಕ್ಕೆ ಇದ್ದವರಿಗೆ ಎರಡೆರಡು ಗ್ಲೌಸು, ಕುರ್ಚಿಗೆಲ್ಲ ಪ್ಲಾಸ್ಟಿಕ್ಕು, ದಿನದ ಕೊನೆಯ ಸರದಿ. ಚುಕ್ಕೆ ಇಲ್ಲದವರ ವಿಷಯದಲ್ಲಿ ಎರಡು ಕೈಯಲ್ಲಿ ಮುಚ್ಚಳ ಹಾಕಿದರೂ ನಡೆಯುತ್ತದೆ ಎಂಬ ಧೈರ್ಯ. ಚುಕ್ಕೆ ಇಲ್ಲವೆಂದರೆ ರೋಗವಿಲ್ಲವೆಂದಲ್ಲ, ಯಾರೂ ಪರೀಕ್ಷೆ ಮಾಡಿಲ್ಲವೆಂದು ಅಷ್ಟೇ ಎನ್ನುವುದನ್ನು ನಾನು ಒಬ್ಬರಿಗೂ ಹೇಳಿಕೊಟ್ಟಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ನಲವತ್ತೆಂಟು ಗಂಟೆ ಕಳೆದಿತ್ತು. ಉಳಿದದ್ದು ಒಂದು ದಿನ. ಕಣ್ಣೊರೆಸಿಕೋ ಎಂದು ಅವಳನ್ನು ನನ್ನ ಕಾರಿಗೆ ಹತ್ತಿಸಿದೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಬಳಿ ಗೂಡಿನ ಚೀಲ ಹೇರಿದ ಗೂಡ್ಸ್ ಆಟೋಗಳು ರಸ್ತೆಗೆ ಅಡ್ಡ ನಿಂತು ನಾವು ಸಿಕ್ಕಿಹಾಕಿಕೊಂಡೆವು. ನನ್ನ ಕೋಪ ಇನ್ನೂ ಇಳಿದಿರಲಿಲ್ಲ.

"ನಿಮ್ಮನೇಲಿ ಹುಳ ಮೇಯಿಸ್ತೀರಲ್ಲ, ಹುಳದ ಮನೆಗೆ ಯಾರು ಬೇಕಾದ್ರೂ ಹಾಗೇ ನುಗ್ಗಬಹುದಾ?"

"ಇಲ್ಲ ಮೇಡಂ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರ್ತೀವಿ. ಮೆಟ್ಕೊಂಡೇ ಒಳಕ್ಕೆ ಹೋಗ್ಬೇಕು. ಕೈ ತೊಳೀದೆ ನಮ್ಮಪ್ಪ ಸೊಪ್ಪೂ ಮುಟ್ಟುಸಾಕಿಲ್ಲ."

"ಯಾರಿಗೆ ರೋಗ ಅಂಟಿದೆ ಅಂತ ನೋಡಿ ಅವರಿಗೆ ಮಾತ್ರನಾ?"

"ಎಲ್ಲರ್ಗೂ. ಮಾವ ಬಂದ್ರೂ ಅಷ್ಟೇ. ಪ್ರತಿ ಬೆಳೆ ಆದ್ಮೇಲೂ ಮನೆ, ತಟ್ಟೆ ಎಲ್ಲ ತೊಳ್ದು ಔಷಧಿ ಹೊಡೀತೀವಿ. ಬೆಳೆ ಚೆನ್ನಾಗಿ ಬಂದಿದ್ರೂನೂವೆ. ರೋಗ ಕಣ್ಣಿಗ್ ಕಾಣೋ ಹೊತ್ತಿಗೆ ಅರ್ಧ ಬೆಳೆ ಹೋಗಿರ್ತದೆ ಅಂತಾರೆ ನಮ್ಮಪ್ಪ..." ಎಂದವಳು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಮುಂದಿನ ಆಟೋ ಸರಿಯಿತು.

ಸರ್ಕಾರಿ ಆಸ್ಪತ್ರೆಯ ವೈದ್ಯರು ನಮ್ಮನ್ನು ಬೈಯಲಿಲ್ಲ, ಕಾಯಿಸಲೂ ಇಲ್ಲ. ಎಷ್ಟು ಆಳ, ಯಾವ ಸೂಜಿ, ಸೂಜಿಯಲ್ಲಿ ರಕ್ತ ಕಾಣುತ್ತಿತ್ತೇ ಎಂದು ಕೇಳಿದರು. ಅವಳ ರಕ್ತ ತೆಗೆದರು. ಇದು ಇವತ್ತಿನ ಲೆಕ್ಕ, ಮತ್ತೆ ಆರು ವಾರಕ್ಕೆ, ಮೂರು ತಿಂಗಳಿಗೆ ನೋಡಬೇಕು ಎಂದರು. ಹೆಪಟೈಟಿಸ್ ಬಿ ಲಸಿಕೆ ಆಗಿತ್ತು, ಸದ್ಯ. ದಿನಕ್ಕೊಂದು ಮಾತ್ರೆಯಂತೆ ಇಪ್ಪತ್ತೆಂಟು ದಿನ, ಒಂದು ದಿನವೂ ತಪ್ಪಿಸುವಂತಿಲ್ಲ. ಮೊದಲನೆಯದನ್ನು ಅಲ್ಲೇ ನುಂಗಿಸಿದರು.

ಅಲ್ಲಿನ ಆಪ್ತಸಮಾಲೋಚಕಿ, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಒಂದು ಮಾತು ಸೇರಿಸಿದಳು. "ಆ ರೋಗಿ ಒಪ್ಪಿ ಪರೀಕ್ಷೆ ಮಾಡಿಸ್ಕೊಂಡು ನೆಗೆಟಿವ್ ಬಂದ್ರೆ ಇವರು ಮಾತ್ರೆ ನಿಲ್ಲಿಸ್ಬೋದು ಮೇಡಂ. ಆದ್ರೆ ಅವರು ಒಪ್ಪಬೇಕು. ಹೇಳದೆ ಮಾಡೋ ಹಾಗಿಲ್ಲ, ಕಾನೂನೂ ಬಿಡಲ್ಲ."

ಕಾಲೇಜಿಗೆ ವಾಪಸು ಬಂದು ರಿಜಿಸ್ಟರ್ ತೆಗೆದು ಮೊದಲ ಹಾಳೆಯಲ್ಲಿ ಅವಳೇ ಬರೆದಳು. ಈ ಪುಸ್ತಕ ನನ್ನ ಖಾನೆಯಲ್ಲಿ ಬೀಗದೊಳಗಿರುತ್ತದೆ, ನಿನ್ನ ಮನೆಗಾಗಲಿ ಹಾಸ್ಟೆಲ್ಲಿಗಾಗಲಿ ನೀನು ಹೇಳಿದರೆ ಮಾತ್ರ ಗೊತ್ತಾಗುವುದು ಎಂದು ಮಾತು ಕೊಟ್ಟೆ.

ಮಾತ್ರೆ ಅವಳಿಗೆ ಒಗ್ಗಲಿಲ್ಲ. ಮೂರನೆಯ ದಿನದಿಂದ ವಾಕರಿಕೆ, ತಲೆನೋವು. ಮುಂದೆ ಪರೀಕ್ಷೆ ಬೇರೆ. ಡಬ್ಬಿಯ ಮೇಲಿನ ಹೆಸರು ಯಾರಾದರೂ ಓದಿಯಾರೆಂದು ಮಾತ್ರೆಗಳನ್ನು ಚನ್ನಪಟ್ಟಣದ ಬಣ್ಣದ ಮರದ ಕುಂಕುಮದ ಭರಣಿಗೆ ಸುರಿದುಕೊಂಡಿದ್ದಳು. ಅಯ್ಯೋ ಪೆದ್ದೇ, ಮಾತ್ರೆಗೆ ತೇವ ತಾಕಬಾರದು ಎಂದು ಬೈದು ಮತ್ತೆ ಡಬ್ಬಿಗೆ ಹಾಕಿಸಿದೆ. ಡಬ್ಬಿಯನ್ನು ನನ್ನ ಕೋಣೆಯ ಕಪಾಟಿನಲ್ಲಿಟ್ಟೆವು. ದಿನಾ ಮಧ್ಯಾಹ್ನ ಬಂದು, ನಾನು ತಂದ ಊಟದ ಡಬ್ಬಿಯಲ್ಲಿ ಎರಡು ತುತ್ತು ಉಂಡು, ಮಾತ್ರೆ ನುಂಗಿ ಹೋಗುವುದು ಎಂದಾಯಿತು. ನನ್ನ ಅಡುಗೆ ಅಷ್ಟಕ್ಕಷ್ಟೇ. ಒಂದು ದಿನ, "ಮೇಡಂ, ವಾಂತಿ ಬರೋದು ಮಾತ್ರೆಯಿಂದಾನೇ ಅಂತ ಡಾಕ್ಟ್ರು ಹೇಳಿದ್ರಾ?" ಎಂದು ಕೇಳಿಬಿಟ್ಟಳು. ಹೊಡೆಯಲು ಕೈ ಎತ್ತಿದೆ, ಇಬ್ಬರಿಗೂ ನಗು ಬಂತು.

ಮುಂದಿನ ಮಂಗಳವಾರ ಕಲ್ಯದ ಆ ರೈತ ಯಜಮಾನರು ಹೊಲಿಗೆ ಬಿಚ್ಚಿಸಲು ಬರುವವರಿದ್ದರು. ಸರ್ಜರಿ ವಿಭಾಗದ ನನ್ನ ಸಹೋದ್ಯೋಗಿ ಹಿಂದಿನ ದಿನವೇ ಬಂದು ಪಿಸುಗುಟ್ಟಿದರು. ಹಲ್ಲು ಕಿತ್ತದ್ದು ಅವರ ವಿಭಾಗದಲ್ಲೇ ಆದ್ದರಿಂದ ಹುಡುಗಿಯನ್ನು ಕೇಳಿಯೇ ಅವರಿಗೆ ವಿಷಯ ತಿಳಿಸಿದ್ದೆ. ಒಳ್ಳೆಯ ಮನುಷ್ಯ, ಆ ಹುಡುಗಿಯ ಮೇಲೆ ಅವರಿಗೂ ಅಕ್ಕರೆ. "ಮೇಡಂ, ಹಲ್ಲು ಕಟ್ಟೋಕೆ ಮುಂಚೆ ಶುಗರ್ ಟೆಸ್ಟ್ ಅಂತ ಎರಡು ಎಂಎಲ್ ತೆಗೆಯೋಣ. ಸಂಜೆಗೆ ಗೊತ್ತಾಗುತ್ತೆ. ನೆಗೆಟಿವ್ ಇದ್ರೆ ಹುಡುಗಿಗೆ ಮಾತ್ರೆ ತಪ್ಪುತ್ತೆ, ಅವರಿಗೇನು ನಷ್ಟ? ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡು ಓಡಾಡ್ತಿದೆ ಮಗು."

ಛೆ ಛೆ, ಎಂದು ನಾನು ಕೂಡಲೇ ತಳ್ಳಿಹಾಕಿದೆ ಎಂದು ಬರೆದುಕೊಂಡರೆ ಸುಳ್ಳಾಗುತ್ತದೆ. ಲ್ಯಾಬಿನ ಚೀಟಿಯನ್ನು ನಾನೇ ಬರೆದೆ. ಸಕ್ಕರೆ ಪರೀಕ್ಷೆ ಎಂದು ನನ್ನ ಕೈಬರಹದಲ್ಲೇ ಬರೆದೆ.

ಯಜಮಾನರು ಬಂದರು. ಎಪ್ಪತ್ತರ ಹತ್ತಿರದವರು, ತೆಳ್ಳಗೆ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಹೊಲಿಗೆ ಬಿಚ್ಚುತ್ತಿದ್ದರೂ ಕಣ್ಣು ಬಾಗಿಲ ಕಡೆಗೇ.

"ಆ ಮಗಿ ಎಲ್ಲಿ ತಾಯಿ? ಹೊಂಗನೂರ್‌ದು? ನಾಕ್ ಹಲ್ಲ ಕಿತ್ಳು, ಒಸಿನೂ ನೋಯ್ನಿಲ್ಲ ಕಣಿ. ಸೊಗಡಿನ್ ಅವರೆಕಾಯಿ ತಂದಿವ್ನಿ ಅವಳ್ಗೆ."

ತರಗತಿಯಲ್ಲಿದ್ದಾಳೆ ಎಂದೆ. ರಕ್ತ ಸ್ವಲ್ಪ ತೆಗೆಯಬೇಕು ಎಂದೆ. ನಾನು ಮುಂದಿನ ಮಾತು ಹೇಳುವ ಮೊದಲೇ ಅವರು ಅಂಗಿಯ ತೋಳು ಮಡಿಸಿ ಕೈ ಚಾಚಿದರು. "ಎಷ್ಟ್ ಬೇಕೋ ತಕ್ಕಳಿ. ಓದ್ದೋರು ನೀವು, ನಮ್ಮ ಒಳ್ಳೇದ್ಕೇ ತಾನೆ ಕೇಳಾದು."

ರಬ್ಬರ್ ಪಟ್ಟಿ ಕಟ್ಟಿದೆ. ನರ ದಪ್ಪಗೆ ಎದ್ದಿತು. ಕಣ್ಣು ಮುಚ್ಚಿಕೊಂಡು ಚುಚ್ಚಿದರೂ ಸಿಗುವಂಥ ನರ. ಅವರು ಮುಖ ಆಚೆ ತಿರುಗಿಸಿ, ಚುಚ್ಚಿ, ಎಂದರು. ಸಿರಿಂಜು ಹಿಡಿದ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಚುಕ್ಕೆ ಇಟ್ಟ ದಿನವೂ ನಾನು ಹೀಗೇ, ಒಳ್ಳೆಯದಕ್ಕೇ, ಯಾರನ್ನೂ ಕೇಳದೆ ಇಟ್ಟಿದ್ದೆ. ಪಟ್ಟಿ ಬಿಚ್ಚಿದೆ, ಬಾಗಿಲು ಹಾಕಿದೆ, ಅವರೆದುರು ಸ್ಟೂಲ್ ಎಳೆದುಕೊಂಡು ಕುಳಿತೆ.

"ಯಜಮಾನ್ರೇ, ನಿಮಗೆ ಸುಳ್ಳು ಹೇಳೋಕೆ ಹೊರಟಿದ್ದೆ. ಕ್ಷಮಿಸಿ. ಇದು ಸಕ್ಕರೆ ಪರೀಕ್ಷೆಗಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿದೆ. ಸೂಜಿ, ಬೆರಳು, ಮಾತ್ರೆ, ಎಲ್ಲ.

ಅವರು ಮಡಿಸಿದ ತೋಳನ್ನು ನೋಡಿಕೊಂಡರು. "ನನ್ಗ್ ಆ ಕಾಯ್ಲೆ ಐತೆ ಅಂತೀರಾ?"

"ಇಲ್ಲ. ಗೊತ್ತಿಲ್ಲ ಅಂತೀನಿ. ಯಾರ ಮುಖ ನೋಡಿದರೂ ಗೊತ್ತಾಗಲ್ಲ, ನನ್ನದೂ ಸೇರಿ."

"ಮಗೀಗೆ ಏನಾರ ಆಯ್ತದಾ?"

"ಮಾತ್ರೆ ತಗೋತಿದ್ದಾಳೆ. ಆಗೋ ಸಂಭವ ಬಹಳ ಕಮ್ಮಿ."

"ಕಮ್ಮಿ ಅಂದ್ರೆ ಇಲ್ಲ ಅಂತಲ್ವಲ್ಲ," ಎಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನನ್ ಕೈಲಾಗಾಕಿಲ್ಲ ತಾಯಿ. ನಮ್ಮ ಕಡೆ ಒಬ್ಬ ಲಾರಿ ಓಡ್ಸೋನು. ಆಸ್ಪತ್ರೇಲಿ ಆ ಪರೀಕ್ಷೆ ಕಿಟಕಿ ಮುಂದೆ ನಿಂತಿದ್ನಂತೆ, ಯಾವನೋ ನೋಡ್ಕಂಡ್ ಬಂದ. ರಿಜಲ್ಟ್ ಏನ್ ಬಂತು ಅಂತ ಒಬ್ಬನೂ ಕೇಳ್ನಿಲ್ಲ. ಅವನ್ ಮನೇಲಿ ನೀರ್ ಕುಡ್ಯಾದ್ ಬುಟ್ಬುಟ್ರು. ನಾನೂ ಬುಟ್ಟೆ." ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಚೀಲವನ್ನು ಮೇಜಿನ ಮೇಲಿಟ್ಟು, "ಇದ್ನ ಮಗೀಗ್ ಕೊಡಿ," ಎಂದು ಹೊರಟುಹೋದರು. ನಾನು ತಡೆಯಲಿಲ್ಲ.

ಮಧ್ಯಾಹ್ನ ಹುಡುಗಿಗೆ ಹೇಳಿದಾಗ ಅವಳು ನನ್ನ ಮೇಲೆ ಎಗರಿಬಿದ್ದಳು. "ಇನ್ನೂ ಇಪ್ಪತ್ತಮೂರು ಮಾತ್ರೆ ಐತೆ ಮೇಡಂ! ಎರಡೇ ಎರಡು ಎಂಎಲ್ಲು! ಅವರ್ಗೆ ಗೊತ್ತೂ ಆಗ್ತಿರ್ಲಿಲ್ಲ. ಯಾಕ್ ಹೇಳಕ್ಕೋದ್ರಿ?"

"ನಿನ್ನ ರಕ್ತಾನ ಹೇಳದೆ ಯಾರಾದರೂ ತೆಗೆದು ನೋಡಿದ್ರೆ ಏನು ಮಾಡ್ತಿದ್ದೆ?"

ಮಾತ್ರೆ ನುಂಗಿ ಬಾಗಿಲು ಎಳೆದುಕೊಂಡು ಹೋದಳು. ಎರಡು ದಿನ ಬಂದು ನುಂಗುವುದು, ಹೋಗುವುದು, ಮಾತಿಲ್ಲ. ಮೂರನೆಯ ದಿನ ನಾನು ಆ ಅವರೆಕಾಯಿಯನ್ನೆಲ್ಲ ಸುಲಿದು, ಹಿದುಕಿ, ಸಾರು ಮಾಡಿ ತಂದಿದ್ದೆ. ಹಿದುಕಿದವರೆ ಮಾಡುವುದು ಎಂಥ ಕಷ್ಟ ಎಂದು ಮಾಡಿದವರಿಗೇ ಗೊತ್ತು, ಉಗುರೆಲ್ಲ ಕಪ್ಪಾಗಿತ್ತು. ಅವಳು ಒಂದು ತುತ್ತು ಬಾಯಿಗಿಟ್ಟು, ಇದು ನೀವು ಮಾಡಿದ್ದಲ್ಲ, ಎಂದಳು. ಮಾಡಿದ್ದು ನಾನೇ, ಕಾಯಿ ಕಲ್ಯದ್ದು ಎಂದೆ. ತಟ್ಟೆ ಖಾಲಿಯಾಗುವವರೆಗೂ ತಲೆ ಎತ್ತದೆ ತಿಂದಳು. ಅಳುತ್ತಿದ್ದಳು. ನಾನೂ ನೋಡದವಳ ಹಾಗೆ ಕಿಟಕಿಯ ಕಡೆ ತಿರುಗಿ ಕುಳಿತೆ.

ಆ ವಾರದಿಂದಲೇ ಚುಕ್ಕೆಯ ಕೆಲಸಕ್ಕೆ ಕೈ ಹಾಕಿದೆ. ಇಡೀ ಬ್ಯಾಚನ್ನು ನಿಲ್ಲಿಸಿಕೊಂಡು ಅದು ಹುಟ್ಟಿದ ಕಥೆಯನ್ನು, ಹುಟ್ಟಿಸಿದ್ದು ನಾನೇ ಎಂಬುದನ್ನೂ ಸೇರಿಸಿ ಹೇಳಿದೆ. ಹುಡುಗಿಯ ಸುದ್ದಿ ಎತ್ತಲಿಲ್ಲ. ಹಸಿರು ಸ್ಕೆಚ್ ಪೆನ್ನುಗಳನ್ನು ವಸೂಲು ಮಾಡಿದೆ, ಹದಿಮೂರು ಸಿಕ್ಕವು. ಶೀಟುಗಳ ಮೇಲೆ ಬಿದ್ದ ಚುಕ್ಕೆಯನ್ನು ಅಳಿಸಲು ಆಗುವುದಿಲ್ಲ. ದಾಖಲೆ ಕೋಣೆಯಲ್ಲಿ ಕುಳಿತು ಪ್ರತಿಯೊಂದರ ಮೊದಲ ಹಾಳೆಯನ್ನು ನಾನೂ ಸಹೋದ್ಯೋಗಿಯೂ ಹೊಸದಾಗಿ ಬರೆದೆವು. ರೋಗಿ ತಾನಾಗಿ ಹೇಳಿದ ಮಾತು ಒಳಗಿನ ಪುಟದಲ್ಲಿ, ಚಿಕಿತ್ಸೆಗೆ ಬೇಕಾದಷ್ಟು ಮಾತ್ರ. ಕೇಳುವುದೇನಿದ್ದರೂ ಪರದೆಯ ಹಿಂದೆ, ಒಬ್ಬರೇ ಕೇಳಬೇಕು. ಬರೆಯುತ್ತಾ ಹೋದಂತೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಚುಕ್ಕೆಯವರ ಹೆಸರಿನ ಎದುರೆಲ್ಲ ಅರ್ಧಕ್ಕೇ ನಿಂತ ಚಿಕಿತ್ಸೆ. ಕೊನೆಯ ಸರದಿ ಎಂದರೆ ಸಂಜೆ ನಾಲ್ಕರ ಮೇಲೆ. ಅಷ್ಟು ಹೊತ್ತಿಗೆ ಮುಗಿಸಿ ಹೊರಟರೆ ಕನಕಪುರದ, ಮಾಗಡಿಯ ಹಳ್ಳಿಗಳ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದವರು ಎರಡನೆಯ ಸಲ ಬಂದಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸರದಿ ಇನ್ನು ಮುಂದೆ ಬಂದ ಕ್ರಮದಲ್ಲಿ. ಎಲ್ಲರಿಗೂ ಒಂದೊಂದೇ ಜೊತೆ ಹೊಸ ಗ್ಲೌಸು, ಉಪಕರಣಗಳನ್ನು ಆವಿಯಲ್ಲಿ ಬೇಯಿಸಲು ಒಂದೇ ಆಟೋಕ್ಲೇವು, ಒಂದೇ ಕೈಯ ಮುಚ್ಚಳ. ಗೊಣಗಿದವರಿಗೆ ಹೊಂಗನೂರಿನ ಹುಡುಗಿಯೇ ಹುಳದ ಮನೆಯ ಪಾಠ ಹೇಳಿದಳು. ನನ್ನ ಪಾಠಕ್ಕಿಂತ ಅದು ಚೆನ್ನಾಗಿ ನಾಟಿತು. ರಿಜಿಸ್ಟರಿನಲ್ಲಿ ಆ ತಿಂಗಳು ಮುಗಿಯುವುದರೊಳಗೆ ಇನ್ನೂ ಮೂರು ಹೆಸರು ಬಿದ್ದವು. ಆ ಮೂವರೂ ಚುಚ್ಚಿದ ಅರ್ಧ ಗಂಟೆಯೊಳಗೆ ಬಂದು ಹೇಳಿದ್ದರು. ಇಪ್ಪತ್ತೆಂಟನೆಯ ಮಾತ್ರೆ ನುಂಗಿದ ದಿನ ಹುಡುಗಿ ಖಾಲಿ ಡಬ್ಬಿಯನ್ನು ನನ್ನ ಕಸದ ಬುಟ್ಟಿಗೆ ದೂರದಿಂದ ಗುರಿಯಿಟ್ಟು ಎಸೆದಳು. ಬುಟ್ಟಿಗೆ ಬೀಳಲಿಲ್ಲ. ಆರು ವಾರದ ಪರೀಕ್ಷೆ ನೆಗೆಟಿವ್ ಬಂತು. ಮೂರು ತಿಂಗಳಿನದು ಬಾಕಿಯಿತ್ತು.

ಫೆಬ್ರವರಿಯಲ್ಲಿ ಯಜಮಾನರು ಮತ್ತೆ ಬಂದರು. ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಕೊನೆಯ ವರ್ಷದ ಮಕ್ಕಳು ಇಷ್ಟು ಹಲ್ಲುಸೆಟ್ಟು ಕಟ್ಟಲೇಬೇಕು ಎಂಬ ಲೆಕ್ಕವಿರುವುದರಿಂದ, ಬೊಚ್ಚುಬಾಯಿಯವರು ಕಂಡರೆ ಬಸ್ ನಿಲ್ದಾಣದ ಆಟೋದವರ ಹಾಗೆ ಮುತ್ತಿಕೊಳ್ಳುತ್ತಾರೆ. ಯಜಮಾನರು ಎಲ್ಲರನ್ನೂ ಸರಿಸಿ ನನ್ನ ಬಳಿ ಬಂದರು.

"ಮುದ್ದೆ ಹೆಂಗೋ ನುಂಗ್ತೀನಿ ತಾಯಿ. ಕಾಳು ಅಗ್ಯಾಕಾಗಾಕಿಲ್ಲ. ಆ ಮಗಿ ನನ್ ಬಾಯ್ಗೆ ಕೈ ಇಕ್ತದಾ ಈಗ? ಹೆದ್ರಿಕೆ ಇದ್ರೆ ಬ್ಯಾಡ ಬುಡಿ."

ನಾನು ಉತ್ತರ ಹೇಳುವ ಮೊದಲೇ ಅವಳು ಹಿಂದಿನಿಂದ ಬಂದು, "ಬನ್ನಿ ತಾತ, ಇದೇ ಕುರ್ಚಿ," ಎಂದಳು. ಬೆಳಗ್ಗೆ ಒಂಬತ್ತೂವರೆಯ ಮೊದಲ ಸರದಿ.

ಹಲ್ಲುಸೆಟ್ಟು ಒಂದೇ ದಿನದ ಕೆಲಸವಲ್ಲ. ಮೊದಲ ದಿನ ಬಾಯಿಯ ಅಚ್ಚು, ಎರಡನೆಯ ಸಲ ಅಂಚುಗಳ ಸೂಕ್ಷ್ಮ ಅಚ್ಚು, ಮೂರನೆಯ ಸಲ ಮೇಣದ ಕಟ್ಟೆಗಳನ್ನು ಬಾಯಲ್ಲಿಟ್ಟು ಮೇಲಿನ ಕೆಳಗಿನ ದವಡೆ ಕೂಡುವ ಎತ್ತರ ಅಳೆಯುವುದು. ಪ್ರತಿ ಸಲವೂ ಅರ್ಧ ಗಂಟೆ ಅವಳ ಬೆರಳು ಅವರ ಬಾಯಲ್ಲಿ. ಒಂದೇ ಜೊತೆ ಗ್ಲೌಸು. ಮೂರನೆಯ ಸಲ ಮೇಣ ತುಂಬಿದ ಬಾಯಲ್ಲಿ ಅವರು ಏನೋ ಹೇಳಲು ಹೋಗಿ ಗುಡುಗುಡು ಎಂದರು. ಸುಮ್ನಿರಿ ತಾತ, ಅಳತೆ ಕೆಡುತ್ತೆ, ಎಂದು ಅವಳು ಗದರಿದಳು. ಅವರು ಕಟ್ಟೆ ಎರಡನ್ನೂ ಕೈಯಿಂದಲೇ ತೆಗೆದು ಹಿಡಿದುಕೊಂಡು ಕೇಳಿದರು.

"ಮಾತ್ರೆ ಮುಗೀತಾ ಮಗ?"

"ಮುಗೀತು ತಾತ. ಮುಂದಿನ್ ತಿಂಗ್ಳು ಇನ್ನೊಂದು ರಕ್ತ ಪರೀಕ್ಷೆ ಐತೆ. ಅದೊಂದಾದ್ರೆ ಸರಿ."

"ಅಲ್ಲೀಗಂಟ ನಿದ್ದೆ ಬತ್ತದಾ?"

ಬರುತ್ತೆ ಎಂದು ಹೇಳಬಹುದಿತ್ತು. ಅವಳು ಮೇಣ ಕೆರೆಯುತ್ತಾ, "ಇಲ್ಲ ತಾತ," ಎಂದಳು. ಅವರು ಮತ್ತೆ ಬಾಯಿ ತೆರೆದರು. ಅವಳು ಕಟ್ಟೆಗಳನ್ನು ಮತ್ತೆ ಕೂರಿಸಿ ಅಳತೆ ಮುಗಿಸಿದಳು.

ಹಲ್ಲುಸೆಟ್ಟು ಕೊಡುವ ದಿನ ಅವರು ಮಧ್ಯಾಹ್ನ ಬಂದರು. ಎಲ್ಲಿಗೆ ಹೋಗಿದ್ರಿ, ಮೊದಲ ಸರದಿ ಇಟ್ಟಿದ್ವಲ್ಲ ಎಂದು ನಾನು ಗೊಣಗಿದೆ. "ರಾಮನಗರದಲ್ಲಿ ಒಸಿ ಕೆಲ್ಸ ಇತ್ತು," ಎಂದರು. ಸೆಟ್ಟು ಬಾಯಿಗೆ ಸರಿಯಾಗಿ ಕೂತಿತು. ಕನ್ನಡಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿ ನೋಡಿಕೊಂಡು, "ಲೇ, ನಮ್ಮಪ್ಪನ್ ಮಕ ಇದು," ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ತಾಯಿ, ಬೇಜಾರ್ ಮಾಡ್ಕಾಬ್ಯಾಡಿ. ನೀವ್ ಒಸಿ ಆಚಿಗ್ ಹೋಗಿ. ಮಗಿ ತಾವ ಒಂದ್ ಮಾತೈತೆ," ಎಂದರು.

ನನ್ನದೇ ಕ್ಲಿನಿಕ್ಕಿನಿಂದ ನನ್ನನ್ನೇ ಹೊರಗೆ ಹಾಕಿದರು. ಗಾಜಿನ ಬಾಗಿಲ ಆಚೆ ನಿಂತು ಕತ್ತು ಉದ್ದ ಮಾಡಿದೆ. ಅವರು ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದರು. ಅವಳು ಓದಿದಳು, ಮತ್ತೆ ಹಾಗೇ ಮಡಿಸಿ ಅವರ ಕೈಗೇ ಕೊಟ್ಟಳು. ಅವರು ಏನೋ ಹೇಳಿದರು. ಅವಳು ಅವರ ಕೈ ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಮುಖ ನೋಡಿ ಏನಾದರೂ ತಿಳಿಯೋಣವೆಂದರೆ ಮಾಸ್ಕು. ಆಮೇಲೆ, ಕಚ್ಚಿದಲ್ಲಿ ಗುರುತು ಬೀಳುವ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು, "ಕಚ್ಚಿ ತಾತ," ಎಂದು ಕೆಲಸ ಮುಂದುವರಿಸಿದಳು. ಯಜಮಾನರು ಹೊರಗೆ ಬಂದಾಗ ನನಗೆ ಕೈಮುಗಿದು ಹೊಸ ಹಲ್ಲೆಲ್ಲ ತೋರಿಸಿ ನಕ್ಕು ಹೋದರು. ಆಸ್ಪತ್ರೆಯ ಆ ಪರೀಕ್ಷೆ ಕಿಟಕಿಯ ಮುಂದೆ ಯಾರ ಬಲವಂತವೂ ಇಲ್ಲದೆ, ಒಂದು ಹುಡುಗಿಯ ನಿದ್ದೆಗಾಗಿ ಹೋಗಿ ನಿಂತುಬಂದ ಮನುಷ್ಯ.

ಮಾರ್ಚಿನಲ್ಲಿ ಹುಡುಗಿಯ ಕೊನೆಯ ಪರೀಕ್ಷೆಯೂ ನೆಗೆಟಿವ್ ಬಂತು. ಆಸ್ಪತ್ರೆಯಿಂದ ನೇರ ನನ್ನ ಕೋಣೆಗೆ ಓಡಿಬಂದು ಕುರ್ಚಿ ಸಮೇತ ನನ್ನನ್ನು ತಬ್ಬಿಕೊಂಡಳು. "ಇನ್ನು ಎಲ್ಲರ್ಗೂ ಹೇಳಿ ಮೇಡಂ, ಬರೀರಿ, ಜೂನಿಯರ್ಸ್‌ಗೆ ಪಾಠ ಮಾಡಿ. ನನ್ ಹೆಸರೊಂದ್ ಬಿಟ್ಟು," ಎಂದಳು. ಮನೆಯಲ್ಲಿ ಅಪ್ಪನಿಗೂ ಅವತ್ತೇ ಫೋನ್ ಮಾಡಿ ಹೇಳಿದಳು. ಆ ಕಡೆಯಿಂದ ಮೊದಲು ಬೈಗುಳ, ಆಮೇಲೆ ಅಳು ನನಗೂ ಕೇಳಿಸಿತು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಎರಡು ವಾರದಿಂದ ತಡೆದಿಟ್ಟ ಬಾಯಿ, ನಿಲ್ಲಲಿಲ್ಲ.

"ಅದಿರಲಿ ಕಣೇ, ಯಜಮಾನರ ಆ ಚೀಟಿಯಲ್ಲಿ ಏನಿತ್ತು?"

ನಗುತ್ತಿದ್ದವಳು ನಗು ನಿಲ್ಲಿಸಿದಳು. ಎದ್ದು ನಿಂತಳು.

"ಮೇಡಂ, ಅದನ್ನ ಅವರು ನಂಬಿ ನನಗೆ ತೋರ್ಸವ್ರೆ. ನಿಮ್ಗೂ ಹೇಳಾಕಿಲ್ಲ. ಇನ್ನೊಂದ್ ಸಲ ಕೇಳ್ಬೇಡಿ."

ನನ್ನ ಕೋಣೆಯಲ್ಲಿ, ನನ್ನ ಮೇಜಿನ ಎದುರು, ನನ್ನ ವಿದ್ಯಾರ್ಥಿನಿ ನನ್ನನ್ನು ಗದರಿಸಿದಳು. ಸರಿಯಮ್ಮ, ತಪ್ಪಾಯಿತು ಎಂದೆ. ಅವಳು ಏಪ್ರನ್ ಸರಿಮಾಡಿಕೊಂಡು ಮುಂದಿನ ರೋಗಿಯನ್ನು ಕರೆಯಲು ಹೋದಳು. ಯಜಮಾನರು ಈಗಲೂ ಹಲ್ಲುಸೆಟ್ಟು ಒತ್ತುತ್ತಿದೆ ಎಂದು ಆಗಾಗ ಬರುತ್ತಾರೆ, ಬಂದ ಕ್ರಮದಲ್ಲಿ ಕುಳಿತು ಸರದಿ ಬಂದಾಗ ಎದ್ದು ಹೋಗುತ್ತಾರೆ. ಆ ಚೀಟಿಯಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.